ಕರೆ ಯಾರದು, ಕೋಣ ಯಾರದು?

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ತೋಡಾರು ಎಂಬ ಊರು ಸಿಗುತ್ತದೆ. ಬಸ್ಸಿನಲ್ಲಿ ತೂಕಡಿಸುವವರಿಗೆ ಅದು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಹೆದ್ದಾರಿಯಿಂದ ಕೆಳಗಿಳಿಯುವ ಒಂದು ಕಿರುದಾರಿಯ ಕೊನೆಯಲ್ಲಿ, ಅಡಿಕೆತೋಟದ ಮಗ್ಗುಲಿಗೆ, ಹಂಚಿನ ಮಾಡಿನ ಒಂದು ಮನೆಯಿದೆ. ಮನೆಯ ಯಜಮಾನರಿಗೆ ಎಪ್ಪತ್ತು ಸಮೀಪಿಸಿತ್ತು. 2025ರ ಡಿಸೆಂಬರಿನಲ್ಲಿ ಅವರ ಮಗಳ ಮಗಳು ರಜೆಗೆಂದು ಬೆಂಗಳೂರಿನಿಂದ ಬಂದಿಳಿದಾಗ ಅವಳ ಮೈಮೇಲೆ ಕೆಂಪು ಬಣ್ಣದ ಅಂಗಿಯಿತ್ತು. ಮುಖದಲ್ಲಿ ಮಾತ್ರ ಸೂತಕದ ಮನೆಯ ಕಳೆ.

ಅಜ್ಜ ಗಾಬರಿಗೊಂಡರು. ಬೆಂಗಳೂರಿನಲ್ಲಿ ಯಾರಿಗಾದರೂ ಕಾಯಿಲೆಯೋ, ಪರೀಕ್ಷೆಯಲ್ಲಿ ಏನಾದರೂ ಹೆಚ್ಚುಕಡಮೆಯೋ ಎಂದು ಬಗೆಬಗೆಯಾಗಿ ವಿಚಾರಿಸಿದರು. ಕೊನೆಗೆ ಅವಳೇ ಬಾಯಿಬಿಟ್ಟಳು.

“ನಮ್ಮ ತಂಡವನ್ನು ಮಾರುತ್ತಾರಂತೆ ಅಜ್ಜ.”

ಯಾವ ತಂಡವೆಂದು ಕೇಳುವ ಅಗತ್ಯವಿರಲಿಲ್ಲ. ಅಂಗಿಯ ಎದೆಯ ಮೇಲೆಯೇ ಅದರ ಗುರುತಿತ್ತು. ಆದರೂ ಅಜ್ಜನಿಗೆ ಒಂದು ಸಂದೇಹ ಉಳಿಯಿತು. ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಸಾವಕಾಶವಾಗಿ ಕೇಳಿದರು: “ತಂಡ ಮಾರುವುದು ಅಂದರೆ ಎಂತ ಮಾರುವುದು ಮಗಾ? ಆಡುವವರನ್ನೋ, ಹೆಸರನ್ನೋ, ಮೈದಾನವನ್ನೋ?”

ಈ ಪ್ರಶ್ನೆಗೆ ಉತ್ತರ ಹುಡುಗಿಗೂ ಥಟ್ಟನೆ ಹೊಳೆಯಲಿಲ್ಲ.

ಬೆಂಗಳೂರಿನ ಆ ತಂಡದ ಪೂರ್ವೋತ್ತರವನ್ನು ಪೇಟೆಯ ಮನೆಗಳಲ್ಲಿ ಮಕ್ಕಳೇ ಹಿರಿಯರಿಗೆ ಕಲಿಸಿಕೊಟ್ಟಿದ್ದಾರೆ. 2008ರಲ್ಲಿ ಐಪಿಎಲ್ ಕ್ರಿಕೆಟ್ಟಿನ ತಂಡಗಳನ್ನು ಹರಾಜಿಗೆ ಇಟ್ಟಾಗ ವಿಜಯ ಮಲ್ಯರ ಸಂಸ್ಥೆ 11 ಕೋಟಿ 16 ಲಕ್ಷ ಡಾಲರಿಗೆ ಬೆಂಗಳೂರನ್ನು ಕೂಗಿಕೊಂಡಿತು. ಮುಂಬಯಿಯೊಂದೇ ಅದಕ್ಕಿಂತ ತುಸು ಹೆಚ್ಚಿನ ಬೆಲೆಗೆ ಹೋಯಿತು. ತಂಡಕ್ಕೆ ಇಟ್ಟ ಹೆಸರು ಒಂದು ವಿಸ್ಕಿಯದು. ಅದನ್ನು ಜಪಿಸುತ್ತ ಮಡಿವಂತ ಮನೆಗಳ ಮಕ್ಕಳೂ ಹದಿನೇಳು ವರ್ಷ ಕುಣಿದರು ಎಂಬುದು ಕಾಲಮಹಿಮೆ. ಮಲ್ಯರು 2016ರಲ್ಲಿ ದೇಶ ಬಿಟ್ಟರು. ಅಷ್ಟರೊಳಗೆ ಅವರ ಮದ್ಯದ ಕಂಪನಿ ಡಿಯಾಜಿಯೋ ಎಂಬ ವಿಲಾಯಿತಿ ಸಂಸ್ಥೆಯ ಕೈಸೇರಿತ್ತು. ಕಂಪನಿಯೊಡನೆ ತಂಡವೂ ಹೋಯಿತು. ಮನೆ ಮಾರಿದಾಗ ಹಿತ್ತಲಿನ ಮಾವಿನಮರವೂ ಜತೆಗೆ ಹೋಗುತ್ತದಲ್ಲವೆ, ಹಾಗೆ. 2024ರಲ್ಲಿ ಹೆಸರಿನ ‘ಬ್ಯಾಂಗಲೋರ್’ ‘ಬೆಂಗಳೂರು’ ಆಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ತಂಡವು ಮೊದಲ ಬಾರಿಗೆ ಕಪ್ಪನ್ನು ಗೆದ್ದಿತು.

ಮರುದಿನದ ಸಂಗತಿಯನ್ನು ಯಾರೂ ಮರೆತಿಲ್ಲ. ಗೆದ್ದವರನ್ನು ನೋಡಲೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನಸಾಗರದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ಈ ಹುಡುಗಿಯೂ ಹೊರಡುವವಳಿದ್ದಳು. ತಾಯಿ ಹಟ ಹಿಡಿದು ತಡೆದಿದ್ದಳು. ಹಿಂದಿನ ರಾತ್ರಿ ಎಲ್ಲರದಾಗಿದ್ದ ತಂಡ ಆ ಸಂಜೆ ಯಾರದೂ ಆಗಿರಲಿಲ್ಲ. ಹೊಣೆ ಯಾರದೆಂಬ ಮಾತು ಬಂದೊಡನೆ ಪ್ರತಿಯೊಬ್ಬರ ಬೆರಳೂ ಇನ್ನೊಬ್ಬರ ಕಡೆಗೆ ತಿರುಗಿತು. ಆ ವರ್ಷದ ನವೆಂಬರ್ 5ರಂದು ಕಂಪನಿಯು ತಂಡದ ಭವಿಷ್ಯವನ್ನು ಪರಿಶೀಲಿಸುವುದಾಗಿಯೂ 2026ರ ಮಾರ್ಚ್ 31ರೊಳಗೆ ಆ ಕಾರ್ಯವನ್ನು ಮುಗಿಸುವುದಾಗಿಯೂ ಶೇರುಪೇಟೆಗೆ ತಿಳಿಸಿತು. ಪರಿಶೀಲನೆ ಎಂಬುದು ದೊಡ್ಡ ಮಾತು. ಓದಿದವರೆಲ್ಲರೂ ಅದನ್ನು ‘ಮಾರಾಟ’ ಎಂದೇ ಓದಿಕೊಂಡರು. ತೋಡಾರಿಗೆ ಕೆಂಪಂಗಿ ತೊಟ್ಟು ಬಂದ ದುಃಖದ ಮೂಲ ಇದು.

“ಅಲ್ಲ, ಆ ಮೈದಾನ ಕಂಪನಿಯದ್ದಾ?” ಎಂದರು ಅಜ್ಜ.

ಅಲ್ಲ. ಮೈದಾನವನ್ನು ನಡೆಸುವುದು ರಾಜ್ಯದ ಕ್ರಿಕೆಟ್ ಸಂಸ್ಥೆ. ಅದರ ಕೆಳಗಿನ ನೆಲ ಸರಕಾರದಿಂದ ಗುತ್ತಿಗೆಗೆ ಪಡೆದದ್ದು. ಹಾಗಾದರೆ ತಂಡಕ್ಕೆ ಸ್ವಂತ ಮೈದಾನವಿಲ್ಲ, ಮೈದಾನಕ್ಕೆ ಸ್ವಂತ ನೆಲವಿಲ್ಲ ಎಂದಾಯಿತು. ಅಜ್ಜ ತಲೆದೂಗಿದರು. “ಅಂದರೆ ಎಲ್ಲ ಗೇಣಿಯೇ” ಎಂದರು.

ಗೇಣಿ ಎಂಬ ಮಾತಿನ ಭಾರ ಬೆಂಗಳೂರಿನವರಿಗೆ ಸುಲಭವಾಗಿ ತಿಳಿಯುವಂಥದಲ್ಲ. ತುಳುನಾಡಿನಲ್ಲಿ ಒಂದು ಕಾಲಕ್ಕೆ ಮನುಷ್ಯರು ಎರಡು ಬಗೆಯಾಗಿದ್ದರು: ಗೇಣಿ ಪಡೆಯುವವರು, ಗೇಣಿ ಕೊಡುವವರು. ಕೊಡುವವರಲ್ಲಿಯೂ ಎರಡು ಪಂಗಡ. ಮೂಲಗೇಣಿಯವನ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಸಲ್ಲುತ್ತಿತ್ತು. ಅವನ ಗೇಣಿಯೂ ಏರುವಂತಿರಲಿಲ್ಲ. ಚಾಲಗೇಣಿಯವನು ಧಣಿಯ ಮನಸ್ಸು ಹಾಗೂ ಮುಖವನ್ನು ನೋಡಿ ಬದುಕಬೇಕಾದವನು. ಒಂದು ವರ್ಷ ಮಳೆ ಕೈಕೊಟ್ಟು ಅಕ್ಕಿಯ ಮುಡಿಗಳಲ್ಲಿ ನಾಲ್ಕು ಕಡಮೆ ಬಿದ್ದರೆ ಒಕ್ಕಲೆಬ್ಬಿಸುವ ಮಾತು ಬರುತ್ತಿತ್ತು. ಅಜ್ಜನ ತಂದೆ ಚಾಲಗೇಣಿಯ ಒಕ್ಕಲು. ಈಗಿನ ಮನೆ ಇರುವ ಜಾಗದಲ್ಲಿಯೇ ಅವರ ಮುಳಿಹುಲ್ಲಿನ ಮನೆಯಿತ್ತು. ಅಂಗಳದಲ್ಲಿ ಒಂದು ತೆಂಗಿನ ಸಸಿ ನೆಡುವ ಮೊದಲೂ ಧಣಿಗಳನ್ನು ಕೇಳಬೇಕು ಎಂದು ಅಜ್ಜಿಗೆ ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದುಂಟು. ಅಷ್ಟರಲ್ಲಾಗಲೇ ಕೇಳಬೇಕಾದ ಕಾಲ ಮುಗಿದಿತ್ತು. ಅತ್ತೆಯ ನಾಲಗೆಗೆ ಅದು ಇನ್ನೂ ತಿಳಿದಿರಲಿಲ್ಲ.

ಆದ್ದರಿಂದಲೇ ಬೆಂಗಳೂರಿನ ಕುದುರೆಜೂಜಿನ ಮೈದಾನದ ಕಥೆಯನ್ನು ಪತ್ರಿಕೆಯಲ್ಲಿ ಓದುವಾಗಲೆಲ್ಲ ಅಜ್ಜನಿಗೆ ನಗು ತಡೆಯುತ್ತಿರಲಿಲ್ಲ. ಊರಿನ ನಟ್ಟನಡುವೆ ಸುಮಾರು 85 ಎಕರೆ ನೆಲ. ಸರಕಾರದ ಸೊತ್ತು, ಟರ್ಫ್ ಕ್ಲಬ್ಬಿನ ಗುತ್ತಿಗೆ. ಗುತ್ತಿಗೆಯ ಅವಧಿ 2009ರ ಕೊನೆಗೆ ತೀರಿತು. ಊರ ಹೊರಗೆ ಚಿಕ್ಕಜಾಲದ ಕಡೆಗೆ ಹೋಗಿ ಎಂದು ಸರಕಾರ ಹೇಳಿತು. ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಂಗಳೂರಿಗೆ ಅಲ್ಲೊಂದು ಉದ್ಯಾನವಾಗಬೇಕೆಂದು ಕೆಲವರು, ಪರಂಪರೆ ಉಳಿಯಬೇಕೆಂದು ಕೆಲವರು, ಕುದುರೆ ನೋಡಿಕೊಳ್ಳುವ ಬಡವರ ಹೊಟ್ಟೆಪಾಡೇನೆಂದು ಇನ್ನು ಕೆಲವರು ವಾದಿಸಿದರು. ಮುಂದೆ ಕುಣಿಗಲ್ಲಿನ ಮಾತೂ ಬಂತು. ಅವಧಿ ಮುಗಿದು ಹದಿನೈದು ವರ್ಷ ಕಳೆದರೂ ಕುದುರೆಗಳು ಅಲ್ಲಿಯೇ ಓಡುತ್ತಿದ್ದವು.

“ಅವಧಿ ಮುಗಿದ ಮೇಲೆ ಹದಿನೈದು ವರ್ಷ ಕೂರುವುದೆಂದರೆ ಅದು ಮೂಲಗೇಣಿಗಿಂತ ಗಟ್ಟಿ ಆಯಿತಲ್ಲ! ನನ್ನ ಅಪ್ಪನಿಗೆ ಹದಿನೈದು ದಿವಸ ಸಿಗುತ್ತಿರಲಿಲ್ಲ” ಎಂದು ಅಜ್ಜ ಹೇಳಿದಾಗ ಅದರಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ. ತೂಗುವವನು ತಕ್ಕಡಿಯ ಮುಳ್ಳನ್ನು ನೋಡಿ ಹೇಳಿದ ಹಾಗಿತ್ತು.

ಆದರೆ ಅಜ್ಜನ ಮನಸ್ಸಿನಲ್ಲಿದ್ದ ನಿಜವಾದ ಕಥೆ ಕುದುರೆಯದಲ್ಲ, ಕೋಣದ್ದು. ಅದನ್ನು ಅವರು ಮೊಮ್ಮಗಳಿಗೆ ಅಂದೇ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ, ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ, ತುಂಡುತುಂಡಾಗಿ ಹೊರಬಂತು. ಹೇಳಿದ್ದು ತುಳುವಿನಲ್ಲಿ.

ಈಗ ಅಡಿಕೆಮರಗಳು ನಿಂತಿರುವ ಜಾಗ ಒಂದು ಕಾಲಕ್ಕೆ ಧಣಿಗಳ ಕಂಬಳಗದ್ದೆ. ಹೆಸರುವಾಸಿಯಾದ ಕಂಬಳವೇನಲ್ಲ, ಸುತ್ತಲಿನ ನಾಲ್ಕಾರು ಮನೆಗಳ ಕೋಣಗಳು ಬರುವ ಮನೆಯ ಕಂಬಳ. ಮಳೆಗಾಲದ ಬೆಳೆ ಕೊಯ್ದು, ಗದ್ದೆಯನ್ನು ಉತ್ತು, ನೀರು ಕಟ್ಟಿ, ಕೆಸರನ್ನು ಹದಗೊಳಿಸಿ, ದೈವಕ್ಕೆ ಸಲ್ಲಬೇಕಾದದ್ದು ಸಂದ ಮೇಲೆ ಕೋಣಗಳು ಇಳಿಯುತ್ತಿದ್ದವು. ಗದ್ದೆ ಧಣಿಗಳದು, ಗೇಣಿಗೆ ಮಾಡುತ್ತಿದ್ದವರು ಅಜ್ಜನ ತಂದೆ. ಕೋಣಗಳೂ ಧಣಿಗಳವೇ, ಸಾಕುತ್ತಿದ್ದವರು ಅಜ್ಜನ ತಂದೆ. ಓಡಿಸುತ್ತಿದ್ದವರು ಅಜ್ಜನ ಸೋದರಮಾವ. ಹುರುಳಿ ಬೇಯಿಸಿ ತಿನ್ನಿಸುವುದು, ಎಣ್ಣೆ ತಿಕ್ಕಿ ಮೀಯಿಸುವುದು ಹುಡುಗನ ಪಾಲಿನ ಕೆಲಸ. ಗೆದ್ದಾಗ ಕೂಗುತ್ತಿದ್ದದ್ದು ಮಾತ್ರ ಧಣಿಗಳ ಮನೆಯ ಹೆಸರು. ಇದರಲ್ಲಿ ಅನ್ಯಾಯವಿದೆಯೆಂದು ಆಗ ಯಾರಿಗೂ ತೋರಿರಲಿಲ್ಲ. ಕಂಬಳದಲ್ಲಿ ಇಂದಿಗೂ ಜತೆಗೆ ಹೆಸರು ಯಜಮಾನರ ಮನೆಯದೇ. ಒಬ್ಬರದೇ ಎರಡು ಜತೆಯಿದ್ದರೆ ‘ಎ’ ಎಂದೂ ‘ಬಿ’ ಎಂದೂ ಕೂಗುತ್ತಾರೆ. 2020ರಲ್ಲಿ ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಓಡಿಸುವವನ ಹೆಸರು ಲೋಕಕ್ಕೆಲ್ಲ ಕೇಳಿಸಿತು. ದಿಲ್ಲಿಯಿಂದ ಕರೆಯೂ ಬಂತು. ಅಂಥದು ಅಪರೂಪ.

1974 ಬಂತು. ಆ ವರ್ಷದ ಮಾರ್ಚ್ 1ರಿಂದ ರಾಜ್ಯದಲ್ಲಿ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿದುದಾಗಿ, ಉಳುವವನು ಅರ್ಜಿ ಕೊಟ್ಟು ತನ್ನದಾಗಿ ಪಡೆಯಬಹುದೆಂದು ಕಾನೂನಾಯಿತು. ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಕಾನೂನಿನ ಭಾಷೆಯಲ್ಲಿ ಅದಕ್ಕೆ ನಮೂನೆ 7 ಎಂದು ಹೆಸರು. ದಕ್ಷಿಣ ಕನ್ನಡದ ಜನ ‘ಡಿಕ್ಲರೇಶನ್’ ಎಂದರು. ಆ ಇಂಗ್ಲಿಷ್ ಶಬ್ದ ಅಕ್ಷರ ತಿಳಿಯದ ಮುದುಕಿಯರ ಬಾಯಲ್ಲಿಯೂ ತುಳುವಾಗಿ ನಿಂತಿದೆ. ಡಿಕ್ಲರೇಶನ್ ಕೊಟ್ಟವರು, ಕೊಡಲು ಹೆದರಿದವರು, ಧಣಿಗಳ ಉಪ್ಪು ತಿಂದೆವೆಂದು ಕೊಡದೆ ಉಳಿದವರು, ಕೊಟ್ಟು ಮಾತು ಬಿಟ್ಟವರು! ಒಂದೊಂದು ಊರಿನಲ್ಲಿಯೂ ಕಾದಂಬರಿಗೆ ಆಗುವಷ್ಟು ಸಂಗತಿಗಳಿವೆ. ಭೂನ್ಯಾಯಮಂಡಳಿಯ ಮುಂದೆ ವಕೀಲರು ಬರಕೂಡದೆಂಬ ಕಟ್ಟಳೆ ಆಗ ಇತ್ತು. ಅಜ್ಜನ ತಂದೆ ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ತಾವೇ ಹೋಗಿ ನಿಂತರು. ಎದುರಿಗೆ ಧಣಿಗಳು. ಇಬ್ಬರ ಕಣ್ಣೂ ನೆಲದ ಮೇಲಿತ್ತಂತೆ.

ಗದ್ದೆ ಒಕ್ಕಲಿಗೆ ಬಂತು. ಕಂಬಳಗದ್ದೆಯೂ ಅದರಲ್ಲಿ ಸೇರಿತ್ತು.

ಕೋಣಗಳು ಗೇಣಿಯ ಭೂಮಿಯಲ್ಲವಷ್ಟೆ. ಅವಕ್ಕೆ ಯಾವ ನಮೂನೆಯೂ ಇರಲಿಲ್ಲ. ಧಣಿಗಳ ಮನೆಯಿಂದ ಆಳು ಬಂದು ಹಗ್ಗ ಬಿಚ್ಚಿಕೊಂಡು ಹೋದ. ತಿಂಗಳೊಳಗೆ ಆ ಜತೆಯನ್ನು ಹೊಳೆಯಾಚೆಯ ಒಂದು ಮನೆಗೆ ಮಾರಿದರೆಂಬ ಸುದ್ದಿ ಬಂತು. ಓಡಿಸುವ ಮಾವನಿಗೆ ಗದ್ದೆಯೂ ಇರಲಿಲ್ಲ, ಕೋಣವೂ ಇರಲಿಲ್ಲ. ಅವನು ಮುಂಬಯಿಯ ಬಸ್ಸು ಹತ್ತಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ. ಕರೆ ಒಂದು ಕಡೆ, ಕೋಣ ಒಂದು ಕಡೆ, ಓಡುವವನು ಇನ್ನೊಂದು ಕಡೆ. ಮೊಮ್ಮಗಳಿಗೆ ಎರಡು ದಿನದ ಹಿಂದೆ ಹಾಕಿದ್ದ ಪ್ರಶ್ನೆಯಲ್ಲಿ ಅಜ್ಜ ಎಣಿಸಿದ್ದ ಮೂರು ಸಂಗತಿಗಳೂ ಅವರ ಹದಿನೆಂಟನೆಯ ವಯಸ್ಸಿನಲ್ಲಿ ಕಣ್ಣೆದುರೇ ಮೂರು ದಿಕ್ಕಾಗಿದ್ದವು. ಆ ವರ್ಷದ ನವೆಂಬರಿನಲ್ಲಿಯೇ ಬೆಂಗಳೂರಿನ ಹೊಸ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟು ನಡೆದು, ವೆಸ್ಟ್ ಇಂಡೀಸಿನ ರಿಚರ್ಡ್ಸ್ ಮತ್ತು ಗ್ರೀನಿಜ್ ತಮ್ಮ ಪ್ರಥಮ ಪಂದ್ಯ ಆಡಿದರೆಂದು ಕ್ರಿಕೆಟ್ ಬಲ್ಲವರು ನೆನೆಯುತ್ತಾರೆ. ತೋಡಾರಿನ ಆ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಗದ್ದೆ ಬಂದ ಮೇಲೆ ಕಂಬಳ ನಡೆಸಬೇಕಾದವರು ಯಾರು? ಊರವರು ಬಂದು ಕೇಳಿದರು. ಮೊದಲಾದರೆ ಧಣಿಗಳ ಖರ್ಚು, ಒಕ್ಕಲುಗಳ ಬಿಟ್ಟಿ ದುಡಿಮೆ. ಈಗ ಖರ್ಚೂ ಇವರದೇ, ದುಡಿಮೆಗೆ ಬರುವವರೂ ಇಲ್ಲ. ತಂದೆ ಒಂದು ವರ್ಷ ಸುಮ್ಮನಿದ್ದರು, ಇನ್ನೊಂದು ವರ್ಷ ನೋಡುವ ಎಂದರು. ಮೂರನೆಯ ವರ್ಷ ಅಡಿಕೆಸಸಿ ತಂದು ನೆಟ್ಟರು. “ಡಿಕ್ಲರೇಶನ್ ಕಂಬಳವನ್ನು ತಿಂದಿತು” ಎಂದು ಊರಿನ ಕೆಲವರು ಆಡಿಕೊಂಡರು. ಕಂಬಳಗದ್ದೆಗೆ ಗಿಡ ನೆಟ್ಟವನ ಮನೆ ಏಳಿಗೆಯಾಗದು ಎಂದವರೂ ಇದ್ದರು. ಅಂಥ ಮಾತಿಗೆ ಅಂಜಿ ತಂದೆ ಮೂಲೆಯ ನಾಗನ ಕಲ್ಲಿನ ಸುತ್ತ ನಾಲ್ಕು ಕೋಲು ಜಾಗವನ್ನು ಹಾಗೆಯೇ ಬಿಟ್ಟರು. ಆ ಅಡಿಕೆಯಲ್ಲಿ ಮೂವರು ಮಕ್ಕಳು ಓದಿದರು. ಹಂಚಿನ ಮನೆ ಎದ್ದಿತು. ಬೆಂಗಳೂರಿನ ಮೊಮ್ಮಗಳ ಕೆಂಪಂಗಿಯವರೆಗೂ ಆ ನೆರಳು ಚಾಚಿತು. ಆದುದು ಸರಿಯೇ ಎಂದು ಕೇಳಿದರೆ ಅಜ್ಜ ಒಂದು ಗಳಿಗೆಯೂ ತಡೆಯದೆ ಸರಿ ಎನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಬೇರೆ ಮಾತಾಡುವುದಿಲ್ಲ.

ಹುಡುಗಿ ಫೋನಿನಲ್ಲಿ ಹುಡುಕಿ ಅಮೆರಿಕದ ಒಂದು ಕಥೆಯನ್ನು ಓದಿ ಹೇಳಿದಳು. ಸಿಯಾಟಲ್ ನಗರದಲ್ಲಿ ‘ಸೂಪರ್‌ಸಾನಿಕ್ಸ್’ ಎಂಬ ಬಾಸ್ಕೆಟ್‌ಬಾಲ್ ತಂಡವಿತ್ತು. 1967ರಲ್ಲಿ ಹುಟ್ಟಿದ್ದು, 1979ರಲ್ಲಿ ದೇಶಕ್ಕೇ ಮೊದಲಾಗಿದ್ದದ್ದು. ಅದರ ಒಡೆಯ ಸ್ಟಾರ್‌ಬಕ್ಸ್ ಕಾಫಿಯ ಹೋವರ್ಡ್ ಶುಲ್ಟ್ಸ್. ಹೊಸ ಕ್ರೀಡಾಂಗಣದ ಹಣದ ವಿಚಾರ ಬಗೆಹರಿಯದೆ 2006ರಲ್ಲಿ ಆತ ತಂಡವನ್ನು 35 ಕೋಟಿ ಡಾಲರಿಗೆ ಒಕ್ಲಹೋಮದ ಧನಿಕರಿಗೆ ಮಾರಿದ. ಕ್ರೀಡಾಂಗಣದ ಗುತ್ತಿಗೆ 2010ರವರೆಗೆ ಇತ್ತು. ಹೊಸ ಒಡೆಯರು ಅದಕ್ಕೆ ಮೊದಲೇ ತಂಡವನ್ನು ಕಿತ್ತುಕೊಂಡು ಹೋಗಲು ಹೊರಟಾಗ ನಗರಸಭೆ ನ್ಯಾಯಾಲಯಕ್ಕೆ ಹೋಯಿತು. 2008ರ ಜುಲೈಯಲ್ಲಿ 4 ಕೋಟಿ 50 ಲಕ್ಷ ಡಾಲರಿಗೆ ರಾಜಿಯಾಗಿ ತಂಡ ಊರು ಬಿಟ್ಟಿತು. ಆದರೆ ಹೆಸರನ್ನೂ ಬಣ್ಣಗಳನ್ನೂ ಒಯ್ಯಕೂಡದೆಂದು ಸಿಯಾಟಲ್ ಜನ ಉಳಿಸಿಕೊಂಡರು.

“ಹೆಸರು ಇಟ್ಟುಕೊಂಡು ಎಂತ ಮಾಡಿದರು?” ಎಂದು ಅಜ್ಜ ಕೇಳಿದರು.

“ಕಾದರು, ಅಜ್ಜ. ಇನ್ನೊಂದು ತಂಡ ಬರುವಾಗ ಇಡಬಹುದು ಅಂತ.”

ಅಜ್ಜನಿಗೆ ಆ ಊರಿನವರ ಮೇಲೆ ಗೌರವ ಹುಟ್ಟಿದಂತೆ ಕಂಡಿತು.

ಕಾಯುವುದರ ಫಲ ತುಳುನಾಡಿಗೆ ಬೇರೆ ರೀತಿಯಲ್ಲಿ ದೊರೆತಿದೆ. ಧಣಿಗಳ ಗದ್ದೆಗಳಲ್ಲಿ ನಿಂತುಹೋದ ಓಟ ಊರವರ ಸಮಿತಿಗಳ ಜೋಡುಕರೆಗಳಲ್ಲಿ ಮುಂದುವರಿಯಿತು. ಎರಡು ಕರೆ, ಎರಡಕ್ಕೂ ಜೋಡಿ ಹೆಸರು: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಪ್ರಾಣಿಹಿಂಸೆಯೆಂಬ ಆಕ್ಷೇಪದಿಂದ 2014ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅದಕ್ಕೆ ಕುತ್ತು ಬಂದಾಗ ಊರೂರುಗಳಿಂದ ಜನ ಬೀದಿಗಿಳಿದರು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಕೋಣಗಳು ಲಾರಿ ಹತ್ತಿ ಹೋದವು. ಅರಮನೆ ಮೈದಾನವೂ ಎಷ್ಟೋ ವರ್ಷದಿಂದ ನ್ಯಾಯಾಲಯದಲ್ಲಿರುವ ನೆಲವೇ. ಆಟದ ನೆಲಕ್ಕೂ ತಗಾದೆಗೂ ಅದೇನು ನಂಟೋ!

ಅಜ್ಜ ಮೂಡುಬಿದಿರೆಯ ಕಡಲಕೆರೆಯ ಕಂಬಳಕ್ಕೆ ತಪ್ಪದೆ ಹೋಗುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟು, ಚರುಮುರಿ ತಿಂದು, ಮರುದಿನ ಮನೆಯಲ್ಲಿ ಅಜ್ಜಿಯಿಂದ ಬೈಸಿಕೊಳ್ಳುತ್ತಾರೆ. ಯಾರ ಕೋಣಗಳ ಪರ ಎಂದು ಮೊಮ್ಮಗಳು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಅವರು ಯಾವ ಯಜಮಾನರ ಪರವೂ ಅಲ್ಲ. ಚೆನ್ನಯ ಕರೆಯ ಬದಿಯಲ್ಲಿ ನಿಲ್ಲುತ್ತಾರೆ. ಆ ಕರೆಯಲ್ಲಿ ಯಾರ ಜತೆ ಓಡಿದರೂ ಅದಕ್ಕೇ ಕೂಗುತ್ತಾರೆ. ಕೋಣವನ್ನು ನಂಬಿ ಕೂಗಿದರೆ ಬರುವ ವರ್ಷ ಅದು ಯಾರ ಹಟ್ಟಿಯಲ್ಲಿ ಇರುತ್ತದೋ ಹೇಳಲಾಗದು. ಕರೆಯನ್ನು ಯಾರೂ ಲಾರಿಗೆ ಹಾಕಿ ಒಯ್ಯುವಂತಿಲ್ಲ. ಐದು ದಶಕ ಹಳೆಯ ಜಾಗರೂಕತೆ ಅದು. ಹುಡುಗಿಗೆ ನಗು ಬಂತು. ಮರುಕ್ಷಣ, ನಗಬಾರದಿತ್ತೇನೋ ಎಂದೂ ಅನ್ನಿಸಿತು.

ಸಂಜೆಯಾಗುತ್ತಿತ್ತು. ತೋಟದ ತಗ್ಗಿನ ತುದಿಯಲ್ಲಿ ನೀರು ಸ್ವಲ್ಪ ನಿಂತಿತ್ತು. ಆಚೆಯ ತುದಿಯಲ್ಲಿ ನೆಲ ಮೆಲ್ಲಗೆ ಏರುವ ಕಡೆಯನ್ನು ಅಜ್ಜ ಕೈಯಲ್ಲಿದ್ದ ಕತ್ತಿಯಿಂದಲೇ ತೋರಿಸಿದರು: ಅದು ಮಂಜೊಟ್ಟಿ, ಓಟ ಮುಗಿಸಿದ ಕೋಣಗಳು ಏರಿ ನಿಲ್ಲುತ್ತಿದ್ದ ಜಾಗ. ಅಡಿಕೆಮರದ ಎರಡು ಸಾಲುಗಳ ನಡುವೆ ನೋಡಿದರೆ ಉದ್ದಕ್ಕೂ ದಾರಿ ಬಿಟ್ಟಂತೆ ಕಾಣುತ್ತಿತ್ತು. ಬೇಕೆಂದೇ ಹಾಗೆ ನೆಟ್ಟದ್ದೋ, ಸಾಲು ಹಿಡಿದು ನೆಟ್ಟಾಗ ಹಾಗಾದದ್ದೋ, ತಂದೆ ಯಾರಿಗೂ ಹೇಳಿರಲಿಲ್ಲ.

“ಆ ಕೋಣಗಳು ಮತ್ತೆ ಸಿಕ್ಕಲೇ ಇಲ್ಲವಾ ಅಜ್ಜ?”

ಸಿಕ್ಕಿದ್ದವು. ಮರುವರ್ಷ ಹೊಳೆಯಾಚೆಯ ಒಂದು ಕಂಬಳದಲ್ಲಿ. ಹುಡುಗ ಮನೆಯಲ್ಲಿ ಹೇಳದೆ ನಡೆದು ಹೋಗಿದ್ದ. ಕೊಂಬಿಗೆ ಬೇರೆ ಬಣ್ಣದ ಪಟ್ಟಿ, ಹಣೆಗೆ ಬೇರೆ ಕಟ್ಟು, ಕೂಗುವ ಮನೆಯ ಹೆಸರು ಬೇರೆ. ಗಂತಿನ ಬಳಿ ಜನರ ನಡುವೆ ನುಗ್ಗಿ ಅವನು ಮೆಲ್ಲಗೆ ಹೆಸರು ಹಿಡಿದು ಕರೆದಾಗ ಎಡಗೋಣದ ಕಿವಿ ಅಲುಗಿತು. ಅಷ್ಟರಲ್ಲಿ ಬೆತ್ತ ಬಿತ್ತು; ಜತೆ ಕೆಸರೆಬ್ಬಿಸಿಕೊಂಡು ಹೋಯಿತು; ಗೆದ್ದಿತು. ಬಹುಮಾನ ಕೊಡುವುದನ್ನು ನೋಡಲು ನಿಲ್ಲದೆ ಅವನು ಕತ್ತಲೆಯಲ್ಲಿಯೇ ಹಿಂದಿರುಗಿದ. ಜಗಲಿಯಲ್ಲಿ ಚಿಮಿಣಿ ಹಚ್ಚಿಟ್ಟುಕೊಂಡು ತಂದೆ ಎಚ್ಚರವಾಗಿಯೇ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಬೈಯಲಿಲ್ಲ. ಯಾರ ಕೋಣ ಗೆದ್ದಿತು ಎಂದಷ್ಟೇ ಕೇಳಿದರು.

“ನೀವು ಎಂತ ಹೇಳಿದಿರಿ?”

“ನಮ್ಮದು ಅಂದೆ” ಎಂದು ಅಜ್ಜ ಪಂಪು ನಿಲ್ಲಿಸಲು ಎದ್ದರು.